ಮೂರು ಪ್ರತಿಗಳಿದ್ದ ಮಾತ್ರಕ್ಕೆ ದತ್ತಾಂಶ ಸುರಕ್ಷಿತವಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಕ್ಲೌಡ್ ವ್ಯವಸ್ಥೆಗಳ ಬಗ್ಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕ್ಲಿಷ್ಟವಾದ ವಿಷಯವನ್ನು ಲೇಖಕರು ತಿಳಿಯಾಗಿ ಹೇಳಿದ್ದಾರೆ. ಆದರೆ ಒಂದೇ ದತ್ತಾಂಶವನ್ನು ಮೂರು ಸರ್ವರ್‌ಗಳಲ್ಲಿ ಇಟ್ಟರೆ ಒಂದು ಕೆಟ್ಟು ನಿಂತರೂ ಉಳಿದೆರಡು ಅದನ್ನು ಕಾಯುತ್ತವೆ, ಹಾಗಾಗಿ ಮಾಹಿತಿ ತಪ್ಪಾಗುವ ಭಯವೇ ಇಲ್ಲ ಎಂದು ಅಲ್ಲಿ ಬರೆದಿರುವುದು ಪೂರ್ತಿ ಸರಿಯಲ್ಲ. ಇಂಥ ವ್ಯವಸ್ಥೆಗಳನ್ನು ನಡೆಸುವ ಕೆಲಸದಲ್ಲಿರುವವನಾಗಿ ಈ ಪತ್ರ ಬರೆಯುತ್ತಿದ್ದೇನೆ. ಕೆಟ್ಟು ನಿಂತ ಸರ್ವರ್‌ನಿಂದ ಆಗುವ ತೊಂದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ಮತ್ತೆ ಎದ್ದು ಬಂದು, ತನಗೆ ಎಲ್ಲವೂ ನೆನಪಿದೆ ಎಂಬಂತೆ ಉತ್ತರ ಕೊಡತೊಡಗಿದಾಗ ಆಗುವ ತೊಂದರೆ ಬಹಳ ದಿನ ಯಾರಿಗೂ ಕಾಣದೆ ಉಳಿಯಬಹುದು. 2022ರಲ್ಲಿ ಎಟ್‌ಸಿಡಿ ಎಂಬ ಡೇಟಾಬೇಸ್‌ನಲ್ಲಿ ಸಿಕ್ಕ ದೋಷ ಮತ್ತು ಅದನ್ನು ಸರಿಪಡಿಸಿದ ಬಗೆ ಇದಕ್ಕೆ ಸ್ಪಷ್ಟ ನಿದರ್ಶನ.

ಎಟ್‌ಸಿಡಿಯ ಹೆಸರು ಸಾಮಾನ್ಯ ಓದುಗರಿಗೆ ಪರಿಚಯವಿರಲಾರದು. 2013ರಲ್ಲಿ ಕೋರ್‌ಓಎಸ್ ಎಂಬ ಅಮೆರಿಕದ ಕಂಪನಿ ಆರಂಭಿಸಿದ ಈ ಮುಕ್ತ ತಂತ್ರಾಂಶ, 2018ರ ಡಿಸೆಂಬರಿನಿಂದ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ನಿನ ಆಶ್ರಯದಲ್ಲಿದೆ. ಗಾತ್ರದಲ್ಲಿ ಇದು ಸಣ್ಣದು, ಕೆಲವೇ ಗಿಗಾಬೈಟ್‌ಗಳಷ್ಟು ಮಾಹಿತಿಯನ್ನು ಮಾತ್ರ ಇಟ್ಟುಕೊಳ್ಳಲು ಕಟ್ಟಿದ್ದು. ಆದರೆ ಪ್ರೋಗ್ರಾಂಗಳನ್ನು ಅನೇಕ ಯಂತ್ರಗಳಿಗೆ ಹಂಚಿ ಓಡಿಸುವ ಕುಬರ್ನೆಟೀಸ್ ಎಂಬ ವ್ಯವಸ್ಥೆಯು ಯಾವ ಪ್ರೋಗ್ರಾಂ ಯಾವ ಯಂತ್ರದಲ್ಲಿ ಓಡಬೇಕು, ಎಷ್ಟು ಓಡಬೇಕು, ಅದಕ್ಕೆ ಬೇಕಾದ ಪಾಸ್‌ವರ್ಡ್ ಯಾವುದು ಎಂಬ ಸಮಸ್ತವನ್ನೂ ಸಾಮಾನ್ಯವಾಗಿ ಎಟ್‌ಸಿಡಿಯಲ್ಲೇ ಬರೆದಿಡುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕುಬರ್ನೆಟೀಸ್ ಎಷ್ಟು ರೂಢಿಯಾಗಿದೆಯೆಂದರೆ, ಅದರ ತಳದಲ್ಲಿ ಹೀಗೊಂದು ಡೇಟಾಬೇಸ್ ಇದೆ ಎಂಬುದನ್ನು ದಿನವೂ ಬಳಸುವವರೇ ಮರೆತಿರುತ್ತಾರೆ.

ಎಟ್‌ಸಿಡಿಯನ್ನು ಒಂದೇ ಯಂತ್ರದಲ್ಲಿ ನಡೆಸುವವರು ಕಡಿಮೆ. ಮೂರು ಅಥವಾ ಐದು ಯಂತ್ರಗಳು ಸದಸ್ಯರಂತೆ ಒಂದು ಗುಂಪಾಗಿ ಇರುತ್ತವೆ; ಯಾವುದೇ ಬದಲಾವಣೆಗೆ ಬಹುಮತ ಸಿಕ್ಕ ಮೇಲಷ್ಟೇ ಅದು ಖಾಯಂ ಆಗುತ್ತದೆ. ಮೂರರಲ್ಲಿ ಒಂದು, ಐದರಲ್ಲಿ ಎರಡು ನಿಂತುಹೋದರೂ ಕೆಲಸ ಸಾಗುತ್ತದೆ. ಈ ಒಪ್ಪಂದದ ವಿಧಾನಕ್ಕೆ ರಾಫ್ಟ್ ಎಂದು ಹೆಸರು. ಸ್ಟ್ಯಾನ್‌ಫರ್ಡ್‌ನ ಡಿಯಾಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ಪ್ರಕಟಿಸಿದ ಈ ವಿಧಾನ ಗಣಿತದ ಮಟ್ಟಿಗೆ ಗಟ್ಟಿಯಾದದ್ದು, ನಾನು ಹೇಳಹೊರಟಿರುವ ದೋಷ ಅದರದ್ದಲ್ಲ. ಬಹುಮತದ ತೀರ್ಮಾನವನ್ನು ಪ್ರತಿ ಸದಸ್ಯನೂ ತನ್ನ ಡಿಸ್ಕಿಗೆ ಇಳಿಸಿಕೊಳ್ಳುವಲ್ಲಿ ದೋಷ ಹುಟ್ಟಿತು.

ಅದು ಅರ್ಥವಾಗಲು ನಮ್ಮ ಅಂಗಡಿಗಳ ಹಳೆಯ ಲೆಕ್ಕದ ಪದ್ಧತಿಯನ್ನು ನೆನೆದರೆ ಸಾಕು. ನಡೆದ ವ್ಯವಹಾರವನ್ನೆಲ್ಲ ಗುಮಾಸ್ತ ಮೊದಲು ಕಿರ್ದಿಯಲ್ಲಿ ಸಾಲಾಗಿ ಬರೆಯುತ್ತಾನೆ, ಆಮೇಲೆ ಬಿಡುವಾದಾಗ ಒಂದೊಂದನ್ನೂ ಖತಾವಣಿಗೆ ಎತ್ತುತ್ತಾನೆ, ಎಲ್ಲಿಯವರೆಗೆ ಎತ್ತಿದ್ದಾಯಿತು ಎಂಬುದಕ್ಕೆ ಒಂದು ಗುರುತು ಹಾಕುತ್ತಾನೆ. ಎಟ್‌ಸಿಡಿಯಲ್ಲೂ ಇದೇ ವ್ಯವಸ್ಥೆ. ಬದಲಾವಣೆಗಳು ಸಾಲಾಗಿ ಸೇರುವ ಲಾಗ್ ಅದರ ಕಿರ್ದಿ, ಡೇಟಾಬೇಸ್ ಫೈಲು ಅದರ ಖತಾವಣಿ, ಲಾಗ್‌ನ ಎಷ್ಟನೆಯ ಸಾಲಿನವರೆಗೆ ಡೇಟಾಬೇಸ್‌ಗೆ ಸೇರಿದೆ ಎಂದು ಹೇಳುವ ಸಂಖ್ಯೆಯೇ ಆ ಗುರುತು. ಅದನ್ನು ಅಲ್ಲಿ ಕನ್ಸಿಸ್ಟೆಂಟ್ ಇಂಡೆಕ್ಸ್ ಎನ್ನುತ್ತಾರೆ. ವಿದ್ಯುತ್ ಹೋಗಿ ಯಂತ್ರ ಮತ್ತೆ ಏಳುವಾಗ ಅದು ಮೊದಲು ನೋಡುವುದು ಈ ಗುರುತನ್ನು. ಅಲ್ಲಿಂದ ಮುಂದಿನ ಸಾಲುಗಳನ್ನು ಮಾತ್ರ ಮತ್ತೆ ಎತ್ತಿಕೊಳ್ಳುತ್ತದೆ. ಹಾಗಾಗಿ ಬದಲಾವಣೆ ಮತ್ತು ಗುರುತು ಎರಡೂ ಒಂದೇ ಏಟಿಗೆ ಡಿಸ್ಕಿಗೆ ಹೋಗಬೇಕು, ಇಲ್ಲವೇ ಎರಡೂ ಹೋಗಬಾರದು. ಬದಲಾವಣೆ ಹೋಗಿ ಗುರುತು ಹಿಂದೆ ಉಳಿದರೆ ಒಂದೇ ಸಾಲು ಎರಡು ಸಲ ಸೇರುತ್ತದೆ. ಗುರುತು ಮುಂದೆ ಹೋಗಿ ಬದಲಾವಣೆ ಹಿಂದೆ ಉಳಿದರೆ ಆ ಸಾಲು ಖಾಯಂ ಆಗಿ ಬಿಟ್ಟುಹೋಗುತ್ತದೆ.

2021ರ ಜೂನ್‌ನಲ್ಲಿ ಬಿಡುಗಡೆಯಾದ 3.5.0 ಆವೃತ್ತಿಯಲ್ಲಿ ಆದದ್ದು ಈ ಎರಡನೆಯದು. ಗುರುತನ್ನು ಬರೆಯುವ ಕೆಲಸ ಕೋಡ್‌ನಲ್ಲಿ ಅಲ್ಲಲ್ಲಿ ಹರಡಿಕೊಂಡಿದ್ದುದನ್ನು ಸರಳಗೊಳಿಸಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಅದನ್ನು ಬದಲಿಸಲಾಯಿತು: ಡಿಸ್ಕಿಗೆ ಕಮಿಟ್ ಆಗುವ, ಅಂದರೆ ಕೂಡಿಬಂದ ಬದಲಾವಣೆಗಳು ಖಾಯಂ ಆಗಿ ಬರೆದುಹೋಗುವ ಪ್ರತಿ ಸಲವೂ, ಮೆಮೊರಿಯಲ್ಲಿ ಇರುವ ಗುರುತನ್ನು ತಾನಾಗಿ ಓದಿ ಜೊತೆಗೆ ಬರೆಯುವ ಏರ್ಪಾಡು. ಆದರೆ ಮೆಮೊರಿಯಲ್ಲಿನ ಗುರುತನ್ನು, ಆ ಸಾಲನ್ನು ಎತ್ತಲು ಆರಂಭಿಸುವ ಮೊದಲೇ ಮುಂದಕ್ಕೆ ಸರಿಸಲಾಗುತ್ತಿತ್ತು. ಇತ್ತ ಎಟ್‌ಸಿಡಿಯು ಸಾಲುಗಳನ್ನು ಎತ್ತುವ ಕೆಲಸಕ್ಕೆ ಸಂಬಂಧವಿಲ್ಲದೆಯೂ, ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೊಮ್ಮೆ, ತನ್ನಷ್ಟಕ್ಕೆ ಕಮಿಟ್ ಮಾಡುತ್ತಿರುತ್ತದೆ. ಗುರುತು ಮುಂದೆ ಸರಿದು ಬದಲಾವಣೆ ಇನ್ನೂ ಸೇರದಿರುವ ಆ ಸಣ್ಣ ಸಂದಿಯಲ್ಲಿ ಈ ಕಮಿಟ್ ನಡೆದು, ಅದರ ಬೆನ್ನಿಗೇ ಪ್ರೋಗ್ರಾಂ ಸತ್ತರೆ, ಡಿಸ್ಕಿನಲ್ಲಿ ಉಳಿಯುವುದು ಎತ್ತದ ಸಾಲನ್ನು ಎತ್ತಿದ್ದೇನೆ ಎನ್ನುವ ಗುರುತು. ಮತ್ತೆ ಎದ್ದಾಗ ಆ ಸದಸ್ಯ ಅದನ್ನು ನಂಬಿ ಸಾಲನ್ನು ದಾಟಿ ಮುಂದಕ್ಕೆ ಹೋಗುತ್ತದೆ.

ಇಂಥ ಸಂದಿ ಎಷ್ಟು ಅಪರೂಪವೆಂದು ಕೇಳಬಹುದು. ಬಿಡುವಾಗಿರುವ ಯಂತ್ರದಲ್ಲಿ ತೀರ ಅಪರೂಪ. ಆದರೆ ಬರವಣಿಗೆಯ ಹೊರೆ ಹೆಚ್ಚಿದಷ್ಟೂ ಸಂದಿಗಳು ಹೆಚ್ಚುತ್ತವೆ, ಮತ್ತು ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಂಗಳನ್ನು ಕೊಲ್ಲುವುದೂ ಬಹುಪಾಲು ಹೊರೆ ಏರಿದಾಗಲೇ. ಎರಡೂ ಅಪರೂಪಗಳು ಒಂದೇ ಹೊತ್ತಿಗೆ ಕೂಡಿಬರುತ್ತವೆ.

ಇಲ್ಲಿ ಮೂರು ಪ್ರತಿಗಳ ರಕ್ಷಣೆ ಏಕೆ ಒದಗಲಿಲ್ಲ ಎಂಬುದನ್ನು ತಮ್ಮ ಲೇಖಕರು ಗಮನಿಸಬೇಕೆಂದು ಕೋರುತ್ತೇನೆ. ಮೂವರು ಸದಸ್ಯರ ಕಿರ್ದಿಯೂ ಒಂದೇ ಆಗಿತ್ತು. ರಾಫ್ಟ್ ಪರಿಶೀಲಿಸುವುದು ಕಿರ್ದಿಯನ್ನು ಮಾತ್ರ, ಆದ್ದರಿಂದ ಅದರ ದೃಷ್ಟಿಯಲ್ಲಿ ಯಾವ ಭಿನ್ನಾಭಿಪ್ರಾಯವೂ ಇರಲಿಲ್ಲ. ಒಬ್ಬನ ಖತಾವಣಿಯಲ್ಲಿ ಮಾತ್ರ ಒಂದು ಸಾಲು ಕಡಿಮೆ. ಆ ಸದಸ್ಯನನ್ನು ಕೇಳಿದರೆ ಒಂದು ಉತ್ತರ, ಪಕ್ಕದವನನ್ನು ಕೇಳಿದರೆ ಇನ್ನೊಂದು. ಅದು ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಎಟ್‌ಸಿಡಿಯಲ್ಲಿ ಪ್ರತಿ ಬದಲಾವಣೆಗೂ ಒಂದು ಕ್ರಮಸಂಖ್ಯೆ ಸಿಗುತ್ತದೆ. ಒಂದು ಸಾಲು ತಪ್ಪಿದರೆ ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಆ ಸದಸ್ಯನಲ್ಲಿ ಹಿಂದೆ ಬೀಳುತ್ತವೆ. ಕುಬರ್ನೆಟೀಸ್‌ನ ತಿದ್ದುಪಡಿಗಳೋ, ನಾನು ಓದಿದಾಗ ಇದ್ದ ಸಂಖ್ಯೆಯೇ ಈಗಲೂ ಇದ್ದರೆ ಮಾತ್ರ ಬದಲಿಸು ಎಂಬ ಷರತ್ತಿನೊಡನೆ ಬರುತ್ತವೆ. ಸಂಖ್ಯೆ ಬೇರೆಯಾದ ಕಡೆ ಅದೇ ತಿದ್ದುಪಡಿ ಒಬ್ಬ ಸದಸ್ಯನಲ್ಲಿ ಊರ್ಜಿತವಾಗಿ ಇನ್ನೊಬ್ಬನಲ್ಲಿ ತಿರಸ್ಕೃತವಾಗುತ್ತದೆ. ಒಂದು ಸಾಲಿನ ವ್ಯತ್ಯಾಸ ಹೀಗೆ ದಿನದಿಂದ ದಿನಕ್ಕೆ ಬೆಳೆಯುತ್ತದೆ, ಅದೂ ಒಂದೇ ಒಂದು ದೋಷಸೂಚನೆ ಇಲ್ಲದೆ.

2022ರ ಮಾರ್ಚ್ ಕೊನೆಯಲ್ಲಿ ಎಟ್‌ಸಿಡಿಯ ನಿರ್ವಾಹಕರು 3.5.0, 3.5.1, 3.5.2 ಆವೃತ್ತಿಗಳನ್ನು ನಿಜವಾದ ಬಳಕೆಯಲ್ಲಿರುವ ವ್ಯವಸ್ಥೆಗಳಲ್ಲಿ ಬಳಸಬಾರದೆಂದು ಬಹಿರಂಗವಾಗಿ ಎಚ್ಚರಿಸಿದರು. ಅಷ್ಟರಲ್ಲಿ ಮೊದಲ ಬಿಡುಗಡೆಯಾಗಿ ಒಂಬತ್ತು ತಿಂಗಳು ಕಳೆದಿತ್ತು. ಏಪ್ರಿಲ್‌ನಲ್ಲಿ ಬಂದ 3.5.3ರಲ್ಲಿ ದೋಷ ನಿವಾರಣೆಯಾಯಿತು. ಪರಿಹಾರದ ತಿರುಳು ಹೇಳಲು ಸುಲಭ: ಮೆಮೊರಿಯಲ್ಲಿನ ಗುರುತನ್ನು ಮೊದಲೇ ಸರಿಸದೆ, ಸಾಲನ್ನು ಎತ್ತುವ ಕೆಲಸವು ಡೇಟಾಬೇಸ್‌ನ ಬೀಗವನ್ನು ಹಿಡಿದ ಮೇಲೆ, ಆ ಬೀಗದ ಒಳಗೇ ಸರಿಸುವುದು. ಬೀಗ ಬಿಡುವವರೆಗೆ ಬೇರೆ ಯಾವ ಕಮಿಟ್ಟೂ ನಡುವೆ ನುಸುಳಲಾರದು. ಮಾಡುವಾಗ ಮಾತ್ರ ಅದು ಸುಲಭವಾಗಿರಲಿಲ್ಲ. ಕೋಡಿನ ಆ ಭಾಗ ಎಷ್ಟು ಗೋಜಲಾಗಿತ್ತೆಂದರೆ ಸುಮಾರು ಎರಡು ವಾರ, ಹಲವು ಪ್ರಯತ್ನಗಳು ಬೇಕಾದವೆಂದು ನಿರ್ವಾಹಕರೇ ತಮ್ಮ ವರದಿಯಲ್ಲಿ ಬರೆದಿದ್ದಾರೆ.

ಆ ವರದಿಯನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಅದರಲ್ಲಿ ಯಾವ ಸಬೂಬೂ ಇಲ್ಲ. ಸದಸ್ಯರ ದತ್ತಾಂಶ ಪರಸ್ಪರ ಹೊಂದುತ್ತಿದೆಯೇ ಎಂದು ಹ್ಯಾಶ್ (ಇಡೀ ದತ್ತಾಂಶದಿಂದ ತೆಗೆಯುವ ಒಂದು ಚಿಕ್ಕ ಸಂಖ್ಯೆ) ಲೆಕ್ಕಹಾಕಿ ನೋಡುವ ಸೌಲಭ್ಯ 3.3ನೇ ಆವೃತ್ತಿಯಿಂದಲೂ ಇತ್ತು. ಪ್ರಾಯೋಗಿಕ ಎಂಬ ಹಣೆಪಟ್ಟಿ ಅಂಟಿಕೊಂಡೇ ಇದ್ದುದರಿಂದ ಯಾರೂ ಅದನ್ನು ಚಾಲೂ ಮಾಡಿರಲಿಲ್ಲ. ಪ್ರೋಗ್ರಾಂ ಅನ್ನು ಬೇಕೆಂದೇ ಕೊಂದು ನೋಡುವ ಪರೀಕ್ಷೆಗಳೂ ಇದ್ದವು, ಅವನ್ನು ನೋಡಿಕೊಳ್ಳುವವರಿರಲಿಲ್ಲ. ಹಳೆಯ ನಿರ್ವಾಹಕರು ಬಿಡುಗಡೆಗೆ ಮುಂಚೆ ಕೈಯಾರೆ ಮಾಡುತ್ತಿದ್ದ ತಪಾಸಣೆಯ ಕ್ರಮವು ಅವರು ಹೋದ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಇನ್ನು ದೋಷವನ್ನು ಮರುಸೃಷ್ಟಿಸಲು ಸಾಧ್ಯವಾದದ್ದಂತೂ ಅದೃಷ್ಟದಿಂದ. ಪರೀಕ್ಷೆಗಳು ತಮ್ಮ ಫೈಲುಗಳನ್ನು ತಾತ್ಕಾಲಿಕ ಫೋಲ್ಡರಿನಲ್ಲಿ ಇಡುತ್ತಿದ್ದವು. ಹೆಚ್ಚಿನ ಯಂತ್ರಗಳಲ್ಲಿ ಆ ಫೋಲ್ಡರ್ ಮೆಮೊರಿಯಲ್ಲೇ ಇರುವುದರಿಂದ ಅಲ್ಲಿ ದೋಷ ತಲೆ ಹಾಕುತ್ತಿರಲಿಲ್ಲ. ಒಬ್ಬ ನಿರ್ವಾಹಕರ ಯಂತ್ರದಲ್ಲಿ ಮಾತ್ರ ಅದು ನಿಜವಾದ ಡಿಸ್ಕಿನ ಮೇಲಿತ್ತು, ದೋಷ ಅಲ್ಲಿ ಸಿಕ್ಕಿಬಿತ್ತು. ಜಗತ್ತಿನ ಎಷ್ಟೋ ಕಂಪನಿಗಳು ನೆಚ್ಚಿಕೊಂಡಿರುವ ತಂತ್ರಾಂಶದ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಹೋಲಿಸಿ ನೋಡಲು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪ್ರಕರಣವೊಂದಿದೆ. ಡಿಸ್ಕಿಗೆ ಬರೆಯುವಾಗ ದೋಷ ಬಂದರೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಅದನ್ನು ಒಮ್ಮೆ ತಿಳಿಸಿ, ಮುಂದಿನ ಸಲ ಕೇಳಿದಾಗ ಎಲ್ಲ ಸರಿಯಿದೆ ಎಂದು ಹೇಳಿಬಿಡಬಹುದೆಂಬುದು 2018ರಲ್ಲಿ ಬೆಳಕಿಗೆ ಬಂತು. ಮತ್ತೊಮ್ಮೆ ಯತ್ನಿಸಿ ಯಶಸ್ಸು ಸಿಕ್ಕಿತೆಂದು ಪೋಸ್ಟ್‌ಗ್ರೆಸ್ ನಂಬುತ್ತಿತ್ತು, ಮಾಹಿತಿ ಮಾತ್ರ ಡಿಸ್ಕಿನಲ್ಲಿ ಇರುತ್ತಿರಲಿಲ್ಲ. 2019ರ ಫೆಬ್ರವರಿಯ ಆವೃತ್ತಿಗಳಲ್ಲಿ ಅವರು ತಂದ ಪರಿಹಾರವೆಂದರೆ, ಅಂಥ ದೋಷ ಕಂಡ ಕೂಡಲೇ ಡೇಟಾಬೇಸ್ ತಾನಾಗಿಯೇ ಬಿದ್ದು, ಲಾಗ್‌ನಿಂದ ಚೇತರಿಸಿಕೊಂಡು ಏಳುವುದು. ಚೇತರಿಕೆಯ ದಾರಿಯ ಮೇಲೆ ಅಷ್ಟು ಭರವಸೆ ಇದ್ದರೆ ಬೀಳುವುದೇ ಕ್ಷೇಮ. ಎಟ್‌ಸಿಡಿಯ 3.5.0ರಲ್ಲಿ ಆ ಭರವಸೆಗೇ ಪೆಟ್ಟು ಬಿದ್ದಿತ್ತು.

2022ರ ನಂತರ ಎಟ್‌ಸಿಡಿಯವರು ಪರೀಕ್ಷೆಗಳನ್ನು ಹೊಸದಾಗಿ ಕಟ್ಟಿದರು. ಹೊರೆ ಹೇರಿ, ಕೋಡಿನ ಆಯ್ದ ಜಾಗಗಳಲ್ಲಿ ಪ್ರೋಗ್ರಾಂ ಅನ್ನು ಕೊಂದು, ಎಬ್ಬಿಸಿ, ಬಳಕೆದಾರರಿಗೆ ಸಿಕ್ಕ ಉತ್ತರಗಳ ಇಡೀ ಇತಿಹಾಸ ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂದು ಯಂತ್ರದಿಂದಲೇ ಪರಿಶೀಲಿಸುವ ಪರೀಕ್ಷೆಗಳವು. ದೋಷ ತಿದ್ದಿದ್ದಕ್ಕಿಂತ ಈ ಕೆಲಸವೇ ದೊಡ್ಡದೆಂಬುದು ನನ್ನ ಅಭಿಪ್ರಾಯ. ಸೌಲಭ್ಯಗಳನ್ನು ಸೇರಿಸಿದವರಿಗೆ ಸಿಗುವ ಹೆಸರು ಪರೀಕ್ಷೆಗಳನ್ನು ಕಾಪಾಡುವವರಿಗೆ ಸಿಗುವುದಿಲ್ಲವಾದ್ದರಿಂದ, ಮುಕ್ತ ತಂತ್ರಾಂಶಗಳಲ್ಲಿ ಈ ಕೆಲಸಕ್ಕೆ ಸದಾ ಕೈ ಕಡಿಮೆ. ಎಟ್‌ಸಿಡಿಯ ಮೇಲೆ ವ್ಯಾಪಾರ ನಡೆಸುವ ಬೆಂಗಳೂರಿನ ಕಂಪನಿಗಳು ತಮ್ಮ ಇಂಜಿನಿಯರುಗಳ ವಾರದ ಕೆಲವು ಗಂಟೆಗಳನ್ನು ಇದಕ್ಕೆ ಬಿಟ್ಟುಕೊಡುವುದು ಅವುಗಳ ಸ್ವಂತ ಹಿತಕ್ಕೇ ಒಳ್ಳೆಯದು.

ಓದುಗರಲ್ಲಿ ಇಂಥ ವ್ಯವಸ್ಥೆಗಳನ್ನು ನಡೆಸುವವರೂ ಇರಬಹುದಾದ್ದರಿಂದ ಇಷ್ಟು ಹೇಳುತ್ತೇನೆ. ಹಳೆಯ 3.5 ಆವೃತ್ತಿ ಎಲ್ಲಾದರೂ ಇನ್ನೂ ಓಡುತ್ತಿದ್ದರೆ ಬದಲಿಸಬೇಕು. ಆದರೆ ಆವೃತ್ತಿ ಬದಲಿಸಿದರೆ ಈಗಾಗಲೇ ತಪ್ಪಿಹೋದ ಸಾಲು ಮರಳಿ ಬರುವುದಿಲ್ಲ. ಸದಸ್ಯರ ಹ್ಯಾಶ್‌ಗಳನ್ನು ಹೋಲಿಸಿ, ಹೊಂದದವನನ್ನು ಗುಂಪಿನಿಂದ ತೆಗೆದು, ಅವನ ಡಿಸ್ಕನ್ನು ಖಾಲಿ ಮಾಡಿ, ಉಳಿದವರಿಂದ ಹೊಸದಾಗಿ ತುಂಬಿಸಿಕೊಳ್ಳಬೇಕು. ಏಳುವಾಗಲೇ ಹ್ಯಾಶ್ ಹೋಲಿಸಿ, ಹೊಂದದಿದ್ದರೆ ಸೇವೆಗೆ ನಿಲ್ಲದಂತೆ ತಡೆಯುವ ಆಯ್ಕೆಯನ್ನು ಚಾಲೂ ಇಡಬೇಕು.

ಸರ್ಕಾರಿ ಇಲಾಖೆಗಳು ಸಾರ್ವಜನಿಕರ ದಾಖಲೆಗಳಿಗಾಗಿ ವ್ಯವಸ್ಥೆಗಳನ್ನು ಕೊಳ್ಳುವಾಗಲೂ ಇದು ಅನ್ವಯಿಸುತ್ತದೆ. ಎಷ್ಟು ಪ್ರತಿಗಳಿವೆ, ವರ್ಷದಲ್ಲಿ ಎಷ್ಟು ಹೊತ್ತು ಸೇವೆ ನಿಲ್ಲಬಹುದು ಎಂದು ಕೇಳಿದರೆ ಸಾಲದು. ಪೂರ್ಣ ಹೊರೆಯಿರುವಾಗ ಒಂದು ಯಂತ್ರದ ವಿದ್ಯುತ್ ಕಿತ್ತು, ಅದು ಮತ್ತೆ ಎದ್ದ ಮೇಲೆ ಮೂರೂ ಪ್ರತಿಗಳನ್ನು ಅಕ್ಷರ ಅಕ್ಷರ ಹೋಲಿಸಿ ತೋರಿಸಬೇಕು, ಪ್ರತಿ ಹೊಸ ಆವೃತ್ತಿಗೂ ಇದನ್ನು ಮತ್ತೆ ಮಾಡಿ ವರದಿ ಸಲ್ಲಿಸಬೇಕು ಎಂಬ ಷರತ್ತು ಟೆಂಡರಿನಲ್ಲೇ ಬರಲಿ ಎಂದು ಸಂಬಂಧಪಟ್ಟವರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಬೆಂಗಳೂರು