ಪ್ರವಾಸದಲ್ಲೊಂದು ಬದಲಾವಣೆ: ಇನ್ನು ಪ್ಯಾನ್‌ಶ್ಯಾಂಗರ್‌ಗೆ ಹೋಗುವುದಿಲ್ಲ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿನಿಂದ ನಮ್ಮ ಭಾನುವಾರದ ಹರ್ಟ್‌ಫರ್ಡ್‌ಶೈರ್ ಪ್ರವಾಸದಲ್ಲಿ ಪ್ಯಾನ್‌ಶ್ಯಾಂಗರ್ ಎಂಬ ಹಳೆಯ ಏರ್‌ಫೀಲ್ಡ್ ಇರುವುದಿಲ್ಲ. ಅದರ ಬದಲು ಲಂಡನ್ ಕೋಲ್ನಿ ಹತ್ತಿರದ ಸಾಲ್ಸ್‌ಬರಿ ಹಾಲ್‌ನಲ್ಲಿರುವ ಡಿ ಹ್ಯಾವಿಲೆಂಡ್ ವಿಮಾನ ಸಂಗ್ರಹಾಲಯಕ್ಕೆ ಹೋಗುತ್ತೇವೆ.

ಕಳೆದ ಬಾರಿ, ಮಗಳ ಮನೆಗೆಂದು ಬೆಂಗಳೂರಿನಿಂದ ಬಂದಿದ್ದ ಹಿರಿಯರೊಬ್ಬರು ನಮ್ಮ ಜೊತೆಗಿದ್ದರು. ವೆಲ್ವಿನ್ ಗಾರ್ಡನ್ ಸಿಟಿಯ ಅಂಚಿನಲ್ಲಿ ವ್ಯಾನ್ ನಿಲ್ಲಿಸಿ, ವಿಮಾನಗಳು ಇಳಿಯುತ್ತಿದ್ದುದು ಇಲ್ಲೇ ಎಂದೆವು. ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿ, “ಎಲ್ಲಪ್ಪಾ?” ಅಂದರು. ತೋರಿಸಲು ನಮ್ಮ ಬಳಿ ಏನೂ ಇರಲಿಲ್ಲ.

ಅಲ್ಲಿದ್ದದ್ದು ಹುಲ್ಲಿನ ರನ್‌ವೇ. ಎರಡನೇ ಮಹಾಯುದ್ಧದಲ್ಲಿ ಹ್ಯಾಟ್‌ಫೀಲ್ಡ್‌ನ ಡಿ ಹ್ಯಾವಿಲೆಂಡ್ ವಿಮಾನ ಕಾರ್ಖಾನೆಯನ್ನು ಉಳಿಸಲೆಂದು ಜರ್ಮನ್ ಬಾಂಬರ್‌ಗಳ ಕಣ್ಣು ತಪ್ಪಿಸುವ ಹುಸಿ ಕಾರ್ಖಾನೆಯೊಂದನ್ನು ಇಲ್ಲಿ ಎಬ್ಬಿಸಿದ್ದರು. ಆಮೇಲೆ ಟೈಗರ್ ಮಾತ್ ಎಂಬ ತರಬೇತಿ ವಿಮಾನಗಳಲ್ಲಿ ಎಷ್ಟೋ ಹುಡುಗರು ಇಲ್ಲೇ ಹಾರಲು ಕಲಿತರು. 2014ರ ಸೆಪ್ಟೆಂಬರ್‌ನಲ್ಲಿ ಹಾರಾಟ ನಿಂತಿತು. ಊರಿನವರು ಉಳಿಸಿಕೊಳ್ಳಲು ಬಹಳ ಹೋರಾಡಿದರು. ಆದರೆ ಪುಟ್ಟ ವಿಮಾನಗಳಿಂದ ಬರುವ ಆದಾಯವೆಲ್ಲಿ, ಲಂಡನ್ ಸುತ್ತಲಿನ ನಿವೇಶನದ ಬೆಲೆಯೆಲ್ಲಿ! 2023ರಲ್ಲಿ ಅಂಗೀಕಾರವಾದ ಸ್ಥಳೀಯ ಯೋಜನೆಯಲ್ಲಿ ಆ ಜಾಗ ಮನೆಗಳಿಗೆ ಹೋಗಿದೆ. ಮನೆ ಬೇಕು, ನಿಜ. ನಿಮ್ಮಲ್ಲೇ ಎಷ್ಟೋ ಜನ ವರ್ಷಗಟ್ಟಲೆ ಮನೆ ಹುಡುಕಿದ್ದನ್ನು ನಾವು ಬಲ್ಲೆವು. ಆದರೂ ಒಮ್ಮೆ ಮನೆ ಎದ್ದ ಮೇಲೆ ಆ ನೆಲ ಮತ್ತೆ ರನ್‌ವೇ ಆಗುವುದಿಲ್ಲ ಎಂಬ ಸಂಕಟ ನಮಗಿದೆ.

ಹ್ಯಾಟ್‌ಫೀಲ್ಡ್‌ನ ಸುತ್ತಾಟ ಮೊದಲಿನಂತೆಯೇ ಇರುತ್ತದೆ. ಅದೂ 1994ರ ಹೊತ್ತಿಗೆ ಮುಚ್ಚಿದ ಏರ್‌ಫೀಲ್ಡೇ. ಈಗ ಅಲ್ಲಿ ಮನೆ, ಕಚೇರಿ, ವಿಶ್ವವಿದ್ಯಾಲಯ. ಮಸ್ಕೀಟೊ ವೇ, ಕಾಮೆಟ್ ವೇ ಎಂಬ ರಸ್ತೆ ಹೆಸರುಗಳಲ್ಲಿ ಮಾತ್ರ ವಿಮಾನಗಳು ಉಳಿದಿವೆ.

ಅವತ್ತು ಮನಸ್ಸು ತಡೆಯದೆ ಆ ಹಿರಿಯರನ್ನು ಸಾಲ್ಸ್‌ಬರಿ ಹಾಲ್‌ಗೆ ಕರೆದೊಯ್ದೆವು. ಮಸ್ಕೀಟೊ ಯುದ್ಧವಿಮಾನದ ವಿನ್ಯಾಸ ರೂಪುಗೊಂಡ ಮನೆ ಅದು. 1940ರ ನವೆಂಬರ್‌ 25ರಂದು ಮೊದಲು ಹಾರಿದ ಮಸ್ಕೀಟೊ ಈಗಲೂ ಅಲ್ಲಿದೆ. ಆದರೆ ಅವರು ಹೋಗಿ ನಿಂತದ್ದು ಎರಡು ಬಾಲಗಂಬಗಳ ವ್ಯಾಂಪೈರ್ ಜೆಟ್ ಯುದ್ಧವಿಮಾನದ ಮುಂದೆ. ಇದೇ ವ್ಯಾಂಪೈರ್‌ಗಳನ್ನು ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಿಸುತ್ತಿದ್ದರು. ಅವರ ದೊಡ್ಡಣ್ಣ ಅಲ್ಲಿ ಫಿಟ್ಟರ್ ಆಗಿದ್ದರಂತೆ. “ಮುಂದಿನ ಭಾಗ ಪೂರ್ತಿ ಮರ ಕಣ್ರೀ, ಅಣ್ಣ ಹೇಳ್ತಿದ್ದ, ನಾವು ನಂಬ್ತಿರಲಿಲ್ಲ” ಎಂದು ಬಹಳ ಹೊತ್ತು ಅಲ್ಲೇ ನಿಂತರು. ಈ ಬದಲಾವಣೆಯನ್ನು ನಾವು ನಿರ್ಧರಿಸಿದ್ದು ಅಲ್ಲೇ.

ದರದಲ್ಲಿ ವ್ಯತ್ಯಾಸವಿಲ್ಲ, ಸಂಗ್ರಹಾಲಯದ ಟಿಕೆಟ್ ನಮ್ಮದೇ. ಈಗಾಗಲೇ ಹಣ ಕಟ್ಟಿದವರಿಗೆ ಬದಲಾವಣೆ ಒಪ್ಪಿಗೆಯಾಗದಿದ್ದರೆ ಪೂರ್ತಿ ಹಣ ವಾಪಸ್ ಕೊಡುತ್ತೇವೆ. ಊಟದ ಡಬ್ಬಿ ನೀವೇ ತನ್ನಿ, ಕಾಫಿ ನಾವು ತರುತ್ತೇವೆ. ಮನೆಯ ಹಿರಿಯರು ಎಚ್‌ಎಎಲ್‌ನಲ್ಲಿ ದುಡಿದವರಾದರೆ ಮೊದಲೇ ತಿಳಿಸಿ. ವ್ಯಾಂಪೈರ್ ಹತ್ತಿರ ಅವರಿಗೊಂದು ಕುರ್ಚಿ ಕೇಳಿಟ್ಟಿರುತ್ತೇವೆ.

ಇಂತಿ,
ನಿಮ್ಮ ಭಾನುವಾರದ ಪ್ರವಾಸದವರು