ನನ್ನ ಬಿ.ಎ.ಯಲ್ಲಿ ಪಾಲು ಇರುವವರಿಗೆ

ಈ ಮೇ ತಿಂಗಳಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಇತಿಹಾಸದಲ್ಲಿ ಬಿ.ಎ. ಮುಗಿಸಿದೆ. ವಯಸ್ಸು ಐವತ್ತರ ಹತ್ತಿರ. ಕಪ್ಪು ಗೌನಿನ ಫೋಟೊ ನೋಡಿ ಹಾರೈಸಿದ ಎಲ್ಲರಿಗೂ ವಂದನೆ. ‘ನಿಮ್ಮ ಛಲ ಮೆಚ್ಚಬೇಕು’ ಎಂದು ತುಂಬ ಜನ ಬರೆದಿದ್ದೀರಿ. ಛಲ ಇದ್ದದ್ದು ಹೌದು, ಆದರೆ ಬರೀ ಛಲದಿಂದ ಆಗುವ ಕೆಲಸ ಇದಲ್ಲ.

ಮೊದಲ ಋಣ ಫ್ರೀಮಾಂಟ್‌ನ ಓಲೋನಿ ಕಾಲೇಜಿಗೆ. ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು, ಅಂದರೆ ಸಾಕು, ನಮ್ಮವರಲ್ಲಿ ಕೆಲವರು ಈಗಲೂ ಮೂಗು ಮುರಿಯುತ್ತಾರೆ. ಮುರಿಯಲಿ. ಪಿಯುಸಿಗೇ ಓದು ನಿಲ್ಲಿಸಿ ಮದುವೆಯಾಗಿ ಬಂದವಳನ್ನು ಅಂಕ ಕೇಳದೆ ಒಳಗೆ ಬಿಟ್ಟುಕೊಂಡದ್ದು ಅದೇ. ಅಲ್ಲಿ 60 ಯೂನಿಟ್ (ಪಾಠಗಳನ್ನು ಅಳೆಯುವ ಲೆಕ್ಕ) ಮುಗಿಸಿದರೆ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಟ್ರಾನ್ಸ್‌ಫರ್ ಕೇಳಬಹುದು. ಯಾವ ಪಾಠ ಅಲ್ಲಿ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಕೌನ್ಸೆಲರ್ ಪಕ್ಕದಲ್ಲೇ ಕೂತು ಒಂದೊಂದಾಗಿ ತೋರಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರು ಕ್ಯಾಂಪಸ್‌ಗಳು ಷರತ್ತು ಪೂರೈಸಿದವರಿಗೆ ಸೀಟು ಖಾತ್ರಿ ಕೊಡುತ್ತವೆ, ಬರ್ಕ್ಲಿ ಕೊಡುವುದಿಲ್ಲ. ಆ ಆರರಲ್ಲಿ ಒಂದಾದ ಸಾಂಟಾ ಕ್ರೂಜ್‌ಗೆ ಖಾತ್ರಿ ಹಾಕಿಸಿ, ಬರ್ಕ್ಲಿಗೂ ಅರ್ಜಿ ಬರೆಸಿದವರು ಅವರೇ. ನಾನಾಗಿದ್ದರೆ ಬರ್ಕ್ಲಿಯ ಹೆಸರೂ ಎತ್ತುತ್ತಿರಲಿಲ್ಲ.

ಬರ್ಕ್ಲಿಯಲ್ಲಿ 25 ದಾಟಿದವರನ್ನೆಲ್ಲ ‘ರೀ-ಎಂಟ್ರಿ’ (ಓದಿಗೆ ಮರಳಿದವರ) ಗುಂಪಿಗೆ ಸೇರಿಸುತ್ತಾರೆ. 25 ಅವರಿಗೆ ವಯಸ್ಸಾದ ಲೆಕ್ಕ! ಡ್ವಿನೆಲ್ ಹಾಲ್ ಎಂಬ ಚಕ್ರವ್ಯೂಹದಲ್ಲಿ ನನ್ನನ್ನು ತರಗತಿ ಮುಟ್ಟಿಸಿದ, ‘ಆಂಟಿ’ ಅನ್ನದೆ ಹೆಸರು ಹಿಡಿದು ಕರೆದ, ನೋಟ್ಸ್ ಹಂಚಿಕೊಂಡ ಹುಡುಗ ಹುಡುಗಿಯರಿಗೆ ಧನ್ಯವಾದ. ಗಂಟೆ ಹೊಡೆದು ಹತ್ತು ನಿಮಿಷಕ್ಕೆ ಪಾಠ ಶುರುಮಾಡುವ ಅಲ್ಲಿನ ಪದ್ಧತಿಗೂ. ಫ್ರೀಮಾಂಟಿನಿಂದ ಬಾರ್ಟ್ ರೈಲಿನಲ್ಲಿ ಬಂದು ಏರು ಹತ್ತುವವಳಿಗೆ ಆ ಹತ್ತು ನಿಮಿಷದ ಬೆಲೆ ಗೊತ್ತು.

ಈಗ ನಮ್ಮ ಅತ್ತೆಯವರ ವಿಷಯ. ಹಾಸನದಲ್ಲಿದ್ದಾರೆ, ಓದಿದ್ದು ಏಳನೇ ಕ್ಲಾಸು. ವಿಡಿಯೊ ಕಾಲ್‌ನಲ್ಲಿ ಊಟದ ವಿಚಾರ ಮುಗಿದ ಮೇಲೆ ‘ಇವತ್ತು ಮೇಷ್ಟ್ರು ಏನು ಹೇಳಿದರು?’ ಎಂದು ಕೇಳುವರು. ಇಂಗ್ಲಿಷಿನಲ್ಲಿ ಕೇಳಿದ್ದನ್ನು ಅವರಿಗೆ ಕನ್ನಡದಲ್ಲಿ ಹೇಳಲು ಹೊರಟರೆ ನನಗೆ ಎಷ್ಟು ಅರ್ಥವಾಗಿಲ್ಲ ಎಂಬುದು ಬಯಲಾಗುತ್ತಿತ್ತು.

ಕೊನೆಯ ವರ್ಷ ದೊಡ್ಡ ಪ್ರಬಂಧ ಬರೆಯಬೇಕು. ನಾನು ಆರಿಸಿಕೊಂಡದ್ದು ಕಲಾ ಬಾಗಾಯ್. 1915ರಲ್ಲಿ ಗಂಡ, ಮೂವರು ಗಂಡುಮಕ್ಕಳ ಜೊತೆ ಭಾರತದಿಂದ ಅಮೆರಿಕಕ್ಕೆ ಬಂದಿಳಿದ ಹೆಂಗಸು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ತಂದರೆ ನೆರೆಯವರು ಬಾಗಿಲಿಗೆ ಬೀಗ ಜಡಿದಿದ್ದರು. 1923ರಲ್ಲಿ ಥಿಂಡ್ ಎಂಬ ಭಾರತೀಯರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಭಾರತೀಯರ ಅಮೆರಿಕನ್ ಪೌರತ್ವಕ್ಕೇ ಕುತ್ತು ಬಂತು, ಅವರ ಗಂಡನದೂ ಹೋಯಿತು. 1928ರಲ್ಲಿ ಗಂಡನೂ ಇಲ್ಲವಾದರು. ಈಗ ಡೌನ್‌ಟೌನ್ ಬಾರ್ಟ್ ಸ್ಟೇಷನ್ನಿನ ಬಳಿಯ ರಸ್ತೆಗೆ ಅವರದೇ ಹೆಸರು. ನಾನು ಕೋರ್ಟು, ಕಾನೂನು ಎಂದು ಪುಟ ತುಂಬಿಸುತ್ತಿದ್ದೆ. ಕಥೆ ಕೇಳಿದ ಅತ್ತೆ, ‘ಇಂಗ್ಲಿಷು ಬಾರದ ಹುಡುಗಿ ಹಗಲೆಲ್ಲ ಯಾರ ಹತ್ತಿರ ಮಾತಾಡ್ತಿದ್ದಳಮ್ಮ?’ ಅಂದರು. ಪ್ರಬಂಧ ಅಲ್ಲಿಂದ ಮಗ್ಗುಲು ಬದಲಿಸಿತು. ಪ್ರೊಫೆಸರ್ ಮೆಚ್ಚಿ ಗೆರೆ ಎಳೆದದ್ದು ಆ ಭಾಗಕ್ಕೆ. ಅದರ ಯಶಸ್ಸು ಅತ್ತೆಯವರಿಗೆ ಸೇರಬೇಕು.

ನಮ್ಮ ಮನೆಯವರು ಸಾರು ಮಾಡಲು ಕಲಿತರು. ಸುಮಾರಾಗಿರುತ್ತೆ, ಆದರೂ ಥ್ಯಾಂಕ್ಸ್ ರೀ. ಮಗಳು ನನ್ನ ಅಡಿಟಿಪ್ಪಣಿಗಳನ್ನು ತಿದ್ದಿದಳು, ಬೈದುಕೊಂಡೇ.

ಸಾಫ್ಟ್‌ವೇರ್ ಊರಲ್ಲಿ ಕೂತು ಹಿಸ್ಟರಿ ಓದಿ ಏನು ಮಾಡ್ತೀರಿ ಎಂದು ಕನ್ನಡ ಕೂಟದ ಪ್ರತಿ ಹಬ್ಬದಲ್ಲೂ ಕೇಳಿದವರನ್ನು ಮರೆತಿಲ್ಲ. ಸದ್ಯಕ್ಕೆ ಲೈಬ್ರರಿಯಲ್ಲಿ ಅರೆಕಾಲಿಕ ಕೆಲಸ ಸಿಕ್ಕಿದೆ. ನಿಮ್ಮಲ್ಲಿ ಯಾರಿಗಾದರೂ ಓದು ಮುಂದುವರಿಸುವ ಆಸೆಯಿದ್ದರೆ, ಟ್ರಾನ್ಸ್‌ಫರ್ ಅರ್ಜಿ ತುಂಬುವ ಕಾಲ ಅಕ್ಟೋಬರ್, ನವೆಂಬರ್. ಶನಿವಾರ ಮನೆಗೆ ಬನ್ನಿ, ಲ್ಯಾಪ್‌ಟಾಪ್ ತನ್ನಿ. ಕೂತು ತುಂಬೋಣ.