ಟೊಟೆನ್‌ಹ್ಯಾಮಿನಿಂದ ಒಂದು ಥ್ಯಾಂಕ್ಸ್

ನಮ್ಮ ಹುಡುಗನ ಎರಡು ವರ್ಷದ ಮ್ಯೂಸಿಕ್ ಟೆಕ್ನಾಲಜಿ ಕೋರ್ಸ್ ಮುಗಿಯಿತು. ಸೌಂಡ್ ಎಂಜಿನಿಯರಿಂಗ್ ಓದಲು ಸೀಟೂ ಸಿಕ್ಕಿದೆ. ಸುದ್ದಿ ಕೇಳಿ ಫೋನ್ ಮಾಡಿದವರಿಗೆಲ್ಲ "ಥ್ಯಾಂಕ್ಸ್" ಅಂದು ಇಟ್ಟುಬಿಟ್ಟಿದ್ದೇನೆ. ಗಂಟಲು ಕಟ್ಟಿಕೊಂಡು ಹೆಚ್ಚು ಮಾತು ಹೊರಡಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ನನಗೆ ಪರಿಚಯವೇ ಇಲ್ಲದ ಒಬ್ಬನಿಗೆ. ಹೆಡಿ ವನ್ ಅಂತ, ಡ್ರಿಲ್ ಎಂಬ ಬಗೆಯ ಹಾಡಿನ ರ್‍ಯಾಪರ್. ನಾವಿರುವ ಉತ್ತರ ಲಂಡನ್ನಿನ ಟೊಟೆನ್‌ಹ್ಯಾಮಿನಲ್ಲೇ, ಬ್ರಾಡ್‌ವಾಟರ್ ಫಾರ್ಮ್ ಎಂಬ ಕೌನ್ಸಿಲ್ ಮನೆಗಳ ಕಾಲೊನಿಯಲ್ಲಿ ಬೆಳೆದವನು. ಮನೆಯವರು ಘಾನಾ ಮೂಲದವರು.

2020ರ ಲಾಕ್‌ಡೌನ್ ನೆನಪಿದೆ ಅಲ್ವಾ? ಮಗನಿಗೆ ಆಗ 13. ನನಗೆ ನೈಟ್ ಶಿಫ್ಟ್. ಬೆಳಿಗ್ಗೆ ಮನೆಗೆ ಬಂದರೆ ಅವನ ರೂಮಿನ ಬಾಗಿಲು ಹಾಕಿರುತ್ತಿತ್ತು, ಒಳಗಿನಿಂದ ಧಂ ಧಂ ಸದ್ದು. ಡ್ರಿಲ್ ಅಂದರೆ ನನಗೆ ಗೊತ್ತಿದ್ದದ್ದು ಸ್ವಲ್ಪವೇ. ಷಿಕಾಗೋದ ಸೌತ್ ಸೈಡಿನಲ್ಲಿ ಹುಟ್ಟಿ, ಲಂಡನ್ನಿನ ಬ್ರಿಕ್ಸ್‌ಟನ್ ಕಡೆ ಬಂದು ಬೇರೆಯೇ ರೂಪ ತಾಳಿದ ಹಾಡು. ಗ್ಯಾಂಗು, ಚಾಕು, ಜೈಲು, ಇವೇ ಮಾತು. 2018ರಲ್ಲಿ ಪೊಲೀಸರು ಹೇಳಿದ್ದಕ್ಕೆ ಯೂಟ್ಯೂಬ್ ಸುಮಾರು 30 ವಿಡಿಯೋ ತೆಗೆದುಹಾಕಿತ್ತು. ಅದೇ ಸರಿ ಅಂದುಕೊಂಡವನು ನಾನು.

ಚಳಿಗಾಲ ಶುರುವಾಗುವ ಹೊತ್ತಿಗೆ ಶಾಲೆಯಿಂದ ಫೋನ್ ಬಂತು. ಮಗ ನೋಟ್‌ಬುಕ್ಕಿನಲ್ಲಿ ಅಂಥದೇ ಸಾಲು ಬರೆದಿದ್ದನಂತೆ. ಐದು ದಿನ ಮನೆಗೆ ಕಳಿಸಿದರು. ಆ ರಾತ್ರಿ ನಾನು ಬಾಯಿಗೆ ಬಂದಂತೆ ಬೈದೆ. ಎಲ್ಲ ಕೇಳಿಸಿಕೊಂಡು ಅವನು ಒಂದೇ ಮಾತು ಕೇಳಿದ: "ಹೆಡಿ ವನ್ ತನ್ನ ಆಲ್ಬಮ್ಮಿಗೆ ಏನು ಹೆಸರಿಟ್ಟಿದ್ದಾನೆ ಗೊತ್ತಾ ಅಪ್ಪಾ? ಎಡ್ನಾ. ಅವನ ಅಮ್ಮನ ಹೆಸರು. ಅವನು ಮೂರು ವರ್ಷದವನಿದ್ದಾಗ ತೀರಿಹೋದಳು."

ನನ್ನ ಹೆಂಡತಿ ಹೋದಾಗ ನಮ್ಮ ಹುಡುಗನಿಗೆ ನಾಲ್ಕು ವರ್ಷ. ಅಷ್ಟು ವರ್ಷ ಅವನು ಅಮ್ಮನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಾನೂ ಆಡಿರಲಿಲ್ಲ.

ಆಮೇಲೆ ಹೆಡ್‌ಫೋನ್ ತೆಗೆದು ಸ್ಪೀಕರಿಗೆ ಹಾಕಿದ. "ಕೈ ಇಲ್ಲಿಡು" ಅಂದ. ಇಟ್ಟೆ. ಡ್ರಿಲ್‌ನ ಬೇಸ್, ಅಂದರೆ ತಗ್ಗಿನ ದಪ್ಪ ದನಿ, ಒಂದೇ ಕಡೆ ನಿಲ್ಲುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ. ಅಂಗೈಗೆ ಆ ಜಾರು ತಾಗಿದ ಕೂಡಲೇ ನನಗೆ ಧಾರವಾಡದ ನಮ್ಮ ಮನೆ ಪಡಸಾಲೆ ಕಣ್ಣೆದುರು ಬಂತು. ಅಪ್ಪ ಭಜನೆಗೆ ತಬಲಾ ನುಡಿಸುತ್ತಿದ್ದರು. ತಬಲಾ ಜೋಡಿಯ ದೊಡ್ಡದು, ಡಗ್ಗಾ, ಅದರ ಮೇಲೆ ಪೆಟ್ಟು ಹಾಕಿ, ಅಂಗೈಯ ಬುಡ ಒತ್ತಿ ಮುಂದಕ್ಕೆ ಜಾರಿಸಿದರೆ ದನಿ ಹಾಗೇ ಮೇಲೇರುತ್ತದಲ್ಲ, ಅದೇ ಇದು! ಮಗನಿಗೆ ಹೇಳಿದೆ. ಅಡುಗೆಮನೆಯ ಕೊಡ ತಿರುವಿ ಹಾಕಿ ತೋರಿಸಲು ಹೋದೆ, ಬರಲಿಲ್ಲ. ಆದರೂ ಅವನು ಕಣ್ಣರಳಿಸಿ ನೋಡುತ್ತಿದ್ದ. ಬೆಳಗಿನವರೆಗೆ ಮಾತಾಡಿದೆವು. ಅವನ ಅಮ್ಮನ ಬಗ್ಗೆಯೂ.

ಹೆಡಿ ವನ್ ಕತೆ ನನಗೆ ಗೊತ್ತಾಗಿದ್ದು ಮಗನಿಂದಲೇ. ಒಂದಲ್ಲ, ಹಲವು ಸಲ ಜೈಲು ಕಂಡವನು. 2019ರ ಜನವರಿಯಲ್ಲಿ ಡೇವ್ ಎಂಬ ಇನ್ನೊಬ್ಬ ರ್‍ಯಾಪರ್ ಜೊತೆ ಮಾಡಿದ ಹಾಡು ಬ್ರಿಟನ್ನಿನ ಹಾಡುಗಳ ಚಾರ್ಟಿನಲ್ಲಿ 6ನೇ ಸ್ಥಾನಕ್ಕೆ ಬಂದಿತ್ತು. ಸರಿಯಾಗಿ ಒಂದು ವರ್ಷಕ್ಕೆ, 2020ರ ಜನವರಿಯಲ್ಲಿ, ಚಾಕು ಇಟ್ಟುಕೊಂಡಿದ್ದ ಕೇಸಿನಲ್ಲಿ 6 ತಿಂಗಳ ಶಿಕ್ಷೆ. ಏಪ್ರಿಲ್‌ನಲ್ಲಿ ಹೊರಬಂದ. ಅಕ್ಟೋಬರ್ 9ಕ್ಕೆ 'ಎಡ್ನಾ' ಬಂತು. ಡ್ರೇಕ್, ಸ್ಟಾರ್ಮ್‌ಜಿ ಅಂಥ ದೊಡ್ಡವರು ಅದರಲ್ಲಿ ಹಾಡಿದರು. ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ಅದು 1ನೇ ಸ್ಥಾನಕ್ಕೇರಿತು. ತಾಯಿಯ ಹೆಸರು ಪಟ್ಟಿಯ ತುದಿಯಲ್ಲಿ.

ಬೀದಿ ಬದುಕನ್ನು ನಾನು ಹೊಗಳುತ್ತಿಲ್ಲ. ಚಾಕುವಿಗೆ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಈ ಊರಲ್ಲೇ ಇದ್ದಾರೆ. ಕೆಲವು ಹಾಡನ್ನು ಇವತ್ತಿಗೂ ಕೇಳಲಾರೆ, ಮಗನಿಗೂ ಅದನ್ನು ಹೇಳಿದ್ದೇನೆ. ಆದರೆ ಆ ಆಲ್ಬಮ್ ಇಲ್ಲದಿದ್ದರೆ ನಮ್ಮಿಬ್ಬರ ನಡುವಿನ ಬಾಗಿಲು ತೆರೆಯುತ್ತಿರಲಿಲ್ಲ. ಹೆಡಿ ವನ್, ನಿನಗೆ ಕನ್ನಡ ಬರುವುದಿಲ್ಲ, ಆದರೂ ಇದು ನಿನಗೆ. ನಿನ್ನ ತಾಯಿಗೂ ನಮಸ್ಕಾರ.

ಇನ್ನು ಪಕ್ಕದ ಮನೆ ಆಂಟಿ. ಅವರೂ ಘಾನಾದವರೇ. ನನ್ನ ನೈಟ್ ಶಿಫ್ಟಿನ ಅಷ್ಟೂ ವರ್ಷ ಹುಡುಗನಿಗೆ ರಾತ್ರಿ ಊಟ ಹಾಕಿದವರು. ಅವರ ಜೊಲೊಫ್ ರೈಸನ್ನು ಅವನು ಟೊಮೆಟೊ ಭಾತ್ ಅಂತಲೇ ಕರೆಯುತ್ತಾನೆ. ಆಂಟಿ, ನಿಮ್ಮ ಋಣ ತೀರಿಸಲು ನನ್ನಿಂದ ಆಗದು.

ಯೂತ್ ಕ್ಲಬ್ಬಿನ ಮೇಷ್ಟ್ರು. ಶಾಲೆಯವರು ಹೆದರಿದ ಅದೇ ನೋಟ್‌ಬುಕ್ಕನ್ನು ಕೂತು ಪೂರ್ತಿ ಓದಿದರು. "ಇದರಲ್ಲಿ ನೀನು ಕಂಡದ್ದು ಯಾವುದು, ಸುಮ್ನೆ ಬರೆದದ್ದು ಯಾವುದು?" ಅಂತ ಕೇಳಿ, ಸುಮ್ನೆ ಬರೆದದ್ದನ್ನು ಅವನ ಕೈಯಿಂದಲೇ ಹೊಡೆಸಿಹಾಕಿದರು. ಉಳಿದದ್ದು ಹನ್ನೊಂದು ಸಾಲು. ಅಷ್ಟೂ ಅಮ್ಮನ ಬಗ್ಗೆ. ಕೋರ್ಸಿಗೆ ಅವನು ಒಪ್ಪಿಸಿದ ಹಾಡು ಅದರಿಂದಲೇ ಬೆಳೆದದ್ದು.

ಕನ್ನಡದ ಗೆಳೆಯರೇ, ಹೆಂಡತಿ ಹೋದ ತಿಂಗಳು ದಿನಕ್ಕೊಬ್ಬರಂತೆ ಸಾರು, ಪಲ್ಯ ತಂದಿಟ್ಟಿರಿ. ಡಬ್ಬಿಗಳು ಇನ್ನೂ ನಮ್ಮಲ್ಲೇ ಇವೆ, ಬಂದು ಊಟ ಮಾಡಿ ತಗೊಂಡು ಹೋಗಿ.

ಕೊನೆಗೆ ಧಾರವಾಡದ ಅಣ್ಣ. ಅಪ್ಪನ ಡಗ್ಗಾವನ್ನು ನೀನು ಬೆಡ್‌ಶೀಟಿನಲ್ಲಿ ಸುತ್ತಿ, ವಿಮಾನದಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ. ಆ ಹಾಡಿನ ಬೇಸ್ ಕೆಳಗೆ ಅದೇ ಡಗ್ಗಾ ಇದೆ ಅಣ್ಣಾ, ಗಮನವಿಟ್ಟು ಕೇಳು. ಸಿಂಬಿ ಅಲ್ಲೇ ಉಳಿದಿದೆ, ಮುಂದಿನ ಸಲ ತಗೊಂಡು ಬಾ. ಅಲ್ಲಿಯವರೆಗೆ ಹುಡುಗ ಅವನ ಅಮ್ಮನ ಹಳೆ ಇಳಕಲ್ ಸೀರೆಯ ತುಂಡನ್ನೇ ಸುತ್ತಿ ಡಗ್ಗಾ ಕೆಳಗೆ ಇಟ್ಟುಕೊಂಡಿದ್ದಾನೆ.